ವೈನಿ ಇಲ್ಲದೆ ಕೊಂಡ ಕಂಪ್ಯೂಟರ್

ವೈನಿ,

ನಿಮ್ಮ ನಾದಿನಿ ಶಾಂತಾ ಮಾಡುವ ಶರಣಾರ್ಥಿ. ನಾವು ಇಲ್ಲಿ ಆರಾಮ ಇದ್ದೇವೆ, ನೀವೂ ಆರಾಮ ಇರುವ ಸುದ್ದಿ ಬರೆಯಿರಿ ಅಂತ ರೂಢಿಯಂತೆ ಬರೆಯಲು ಹೊರಟಿದ್ದೆ, ಕೈ ತಡೆಯಿತು. ನಿಮಗೆ ಬರೆಯಲು ಬರುವಂತಿದ್ದರೆ ಇಷ್ಟು ತಿಂಗಳು ಸುಮ್ಮನಿರುತ್ತಿದ್ದಿರೇ? ಆಳಂದದಲ್ಲಿ ಆಗಲೇ ಬಿಸಿಲು ಜೋರಾಗಿದೆ. ಶ್ರಾವಣದಲ್ಲಿ ನೀವು ತೀರಿಕೊಂಡ ಮೇಲೆ ನಮ್ಮ ಟೈಪಿಂಗ್ ಕ್ಲಾಸಿನ ಬೀಗ ತೆಗೆಯುವವಳೂ ನಾನೇ, ಹಾಕುವವಳೂ ನಾನೇ.

ಯುಗಾದಿಯ ಮರುದಿನ ಅಣ್ಣ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತ ಮಾತು ತೆಗೆದ. "ಈಗ ಬರೇ ಟೈಪಿಂಗ್ ಕಲ್ಯಾಕ ಯಾರ್ ಬರ್ತಾರವ್ವಾ? ಕಂಪ್ಯೂಟರ್ ತರೂದಿದ್ರ ತಾ, ಇಲ್ಲಂದ್ರ ಬಾಡಿಗಿ ಖೋಲಿ ಬಿಟ್ಟುಬಿಡಮು. ಆದ್ರ ಒಬ್ಬಾಕಿನೇ ನಡಸ್ತೀಯೇನು?" ಅವನು ಬೇಸರದಿಂದ ಹೇಳಲಿಲ್ಲ. ಭೂಸನೂರಿನಿಂದ ಬಸ್ಸು ಹತ್ತಿ ಬರುತ್ತಿದ್ದ ಹುಡುಗಿಯರೂ ಕಂಪ್ಯೂಟರ್ ಯಾವಾಗ ಬರುತ್ತದೆ ಎಂದು ಕೇಳಿ ಕೇಳಿ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದ್ದರು. ನಾನು ಅಣ್ಣನಿಗೆ ಉತ್ತರ ಕೊಡಲಿಲ್ಲ. ನಿಮ್ಮನ್ನು ಕೇಳದೆ ನಾನು ಯಾವತ್ತು ಯಾವುದಕ್ಕೆ ಉತ್ತರ ಕೊಟ್ಟಿದ್ದೇನೆ, ಹೇಳಿ?

ಜೇವರ್ಗಿಯ ವಕೀಲರ ಮನೆಗೆ ಹಳೆಯ ಟೈಪ್‌ರೈಟರ್ ಕೊಳ್ಳಲು ಹೋದದ್ದು ನೆನಪಿದೆಯೇ? ಅವರು ಬೆಲೆ ಹೇಳಿದ್ದೇ ತಡ, ನೀವು ಸೆರಗು ಸರಿಮಾಡಿಕೊಂಡು ಎದ್ದಿರಿ. "ಬ್ಯಾಡ ಏಳಬೇ, ಇಷ್ಟ್ ರೊಕ್ಕಕ್ಕ ಹೊಸಾದೇ ಬರ್ತದ" ಎಂದು ಬಾಗಿಲ ತನಕ ನಡೆದೇಬಿಟ್ಟಿರಿ. ನಾನು ಮಷೀನಿನ ಮೇಲೆ ಕೈಯಿಟ್ಟು, ಮುಖ ಸಣ್ಣ ಮಾಡಿಕೊಂಡು ಕೂತೇ ಇದ್ದೆ. ನಮ್ಮ ವ್ಯಾಪಾರವೇ ಹಾಗಿತ್ತು. ಸೀರೆಯಾಗಲಿ, ಫ್ಯಾನಾಗಲಿ, ಏಳುವವರು ನೀವು, ಕೂರುವವಳು ನಾನು. ಕೊನೆಗೆ ವಕೀಲರು ನನ್ನ ಮುಖ ನೋಡಿ, "ಕರೀರಿ ನಿಮ್ಮ ವೈನಿಗಿ" ಎಂದು ನಕ್ಕರು. ಬಸ್ಸಿನಲ್ಲಿ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ನಾವಿಬ್ಬರೂ ಎಷ್ಟು ನಕ್ಕಿದ್ದೆವು.

ಮೊನ್ನೆ ಸೋಮವಾರ ಗುಲಬರ್ಗಾಕ್ಕೆ ಒಬ್ಬಳೇ ಹೋದೆ. ಮಹಡಿಯ ಮೇಲಿನ ಸಣ್ಣ ಅಂಗಡಿ. ಮಾಲೀಕರು ಫೋನಿನಲ್ಲಿ ಉರ್ದು, ನನ್ನ ಜೊತೆ ಕನ್ನಡ. ಕಂಪ್ಯೂಟರ್ ಇಡಿಯಾಗಿ ಕೊಂಡರೆ ತುಟ್ಟಿ, ಸಾಮಾನು ಬಿಡಿಬಿಡಿಯಾಗಿ ಆರಿಸಿದರೆ ಜೋಡಿಸಿ ಕೊಡುತ್ತೇನೆ ಎಂದರು. ನಾನು ಕಂಪ್ಯೂಟರ್ ಅಂದರೆ ಒಂದು ವಸ್ತು ಅಂದುಕೊಂಡಿದ್ದೆ. ನೋಡಿದರೆ ಅದೂ ಸಂಸಾರದ ಹಾಗೆಯೇ, ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಮೆಮೊರಿ ನಾಲ್ಕು ಎಂಬಿ ಸಾಕೋ, ಎಂಟು ಬೇಕೋ? ಹಾರ್ಡ್ ಡಿಸ್ಕ್ ಸಣ್ಣದಾದರೆ ನಡೆಯುತ್ತದೋ? ಕೀಬೋರ್ಡ್ ವಿಷಯದಲ್ಲಿ ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಇದ್ದಬದ್ದವನ್ನೆಲ್ಲ ಸಾಲಾಗಿ ಇಡಿಸಿ, ಕಣ್ಣು ಮುಚ್ಚಿ ಬೆರಳಾಡಿಸಿದೆ. ಕೀಲಿ ಗಟ್ಟಿಯಾಗಿ ಒತ್ತಿ ಎದ್ದು ಬರುವಂಥದ್ದನ್ನೇ ತೆಗೆದಿಡಿಸಿದೆ. ಅವರು ಬೆರಗಾಗಿ ನೋಡುತ್ತಿದ್ದರು, ನೀವಿದ್ದರೆ ಅವರ ಮುಖ ನೋಡಿಯೇ ನಿಮಗೆ ನಗು ತಡೆಯುತ್ತಿರಲಿಲ್ಲ.

ಎಲ್ಲ ಸೇರಿಸಿ ಬೆಲೆ ಹೇಳಿದಾಗ ನನಗೆ ಏನಾಯಿತೋ, ಸೆರಗು ಸರಿಮಾಡಿಕೊಂಡು ಎದ್ದೆ. "ಬ್ಯಾಡ್ ಬಿಡ್ರಿ, ಇನ್ನೊಂದ್ ಕಡಿ ನೋಡ್ತೇನಿ" ಎಂದು ನಿಮ್ಮ ಧಾಟಿಯಲ್ಲೇ ಹೇಳಿ ಮೆಟ್ಟಿಲಿಳಿದೆ. ಕೆಳಗೆ ಬೀದಿಯಲ್ಲಿ ನಿಂತು ಅವರು ಕರೆಯುವುದನ್ನು ಕಾದೆ. ಟಾಂಗಾಗಳು ಹೋದವು, ಕಬ್ಬಿನ ಹಾಲಿನವನು ಗೆಜ್ಜೆ ಆಡಿಸುತ್ತಲೇ ಇದ್ದ, ಮೇಲಿನಿಂದ ಯಾರೂ ಕರೆಯಲಿಲ್ಲ. ಆಗ ನನಗೆ ಹೊಳೆಯಿತು, ವೈನಿ. ಅಂಗಡಿಯವರು ಇಷ್ಟು ವರ್ಷ ಕರೆಯುತ್ತಿದ್ದದ್ದು ನೀವು ಎದ್ದಿರಿ ಎಂದಲ್ಲ, ನಾನು ಕೂತಿದ್ದೇನೆ ಎಂದು. ಈಗ ಏಳುವವಳೂ ನಾನೇ ಆದ ಮೇಲೆ ಅಂಗಡಿಯ ಕುರ್ಚಿಯಲ್ಲಿ ಯಾರಿದ್ದರು? ಬಿಸಿಲಲ್ಲಿ ನಿಂತು ಅತ್ತುಬಿಟ್ಟೆ. ನೀವು ಹೋದ ದಿನ ಮನೆ ತುಂಬ ಜನ, ಅವರಿಗೆ ಚಹಾ ಕಾಯಿಸುವುದರಲ್ಲೇ ಹೊತ್ತು ಹೋಗಿತ್ತು, ಆವತ್ತು ಹೀಗೆ ಅಳಲು ಆಗಿರಲಿಲ್ಲ.

ಮತ್ತೆ ಮೆಟ್ಟಿಲು ಹತ್ತಿ ಹೋದಾಗ ಅವರು ಕೀಬೋರ್ಡನ್ನು ಡಬ್ಬಿಯೊಳಗೆ ಇಡುತ್ತಿದ್ದರು. "ಬರ್ರಿ ಅಕ್ಕಾರ, ಏನರ ಬಿಟ್ಟು ಹೋಗಿದ್ರೇನ್ರಿ?"

"ಹೌದ್ರಿ," ಅಂದೆ. ಇನ್ನೇನು ಹೇಳಲಿ?

ಅವರು ನೀರು ಕೊಟ್ಟರು, ಆಮೇಲೆ ನೇರವಾಗಿ ಹೇಳಿದರು. "ನಿಮ್ಮ ಬಜೆಟ್ಟಿನ್ಯಾಗ ಕಲರ್ ಮಾನಿಟರ್ ಕೂಡ್ಸಿದ್ರ ಯುಪಿಎಸ್ ಆಗಂಗಿಲ್ರಿ. ಕಪ್ಪು ಬಿಳುಪಿನದು ತಗೊಂಡ್ರ ಯುಪಿಎಸ್ ಆಗ್ತದ. ಎರಡರಾಗ ಒಂದ್ ಹೇಳ್ರಿ." ನನಗೆ ಕಲರೇ ಬೇಕಿತ್ತು. ಅಂಗಡಿಯ ಮೂಲೆಯಲ್ಲಿ ಒಂದು ಉರಿಯುತ್ತಿತ್ತು, ನೀಲಿ ಬಣ್ಣ, ಎಷ್ಟು ಚೆಂದ... ಆದರೆ ನಮ್ಮ ಊರಿನ ಕರೆಂಟು ನಿಮಗೆ ಗೊತ್ತಲ್ಲ. ಕರೆಂಟು ಹೋದಾಗ ನೀವು ಕಂದೀಲು ಹಚ್ಚಲು ಏಳುತ್ತಿದ್ದಿರಿ, ನಾನು ಹುಡುಗಿಯರ ಪಕ್ಕದಲ್ಲಿ ನಿಂತು "ಕೈ ನಿಲ್ಲಸಬ್ಯಾಡ್ರಿ" ಅನ್ನುತ್ತಿದ್ದೆ, ಕತ್ತಲಲ್ಲೂ ಟೈಪಿಂಗ್ ನಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲವಂತೆ. ಕರೆಂಟು ಹೋಯಿತೆಂದರೆ ಬರೆದದ್ದೂ ಹೋಯಿತು. ಯುಪಿಎಸ್ ಇದ್ದರೆ ಅದು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತದೆ, ಅಷ್ಟರಲ್ಲಿ ಕೆಲಸ ಮುಗಿಸಿ ಆರಿಸಬಹುದು. ಒಬ್ಬಳೇ ಇರುವವಳಿಗೆ ಅಷ್ಟಾದರೂ ಆಸರೆ ಬೇಕು ಅನ್ನಿಸಿತು. ಕಪ್ಪು ಬಿಳುಪಿನದೇ ಕೊಡಿ ಎಂದೆ.

ಬಿಲ್ಲು ಬರೆಯುವಾಗ ಯಾರ ಹೆಸರಿಗೆ ಎಂದು ಕೇಳಿದರು. ಬಾಯಿ ತಾನಾಗಿಯೇ "ಮಹಾನಂದಾ ಅಂತ ಬರ್ಕೋರಿ" ಅಂದಿತು. ನಿಮ್ಮ ಹೆಸರು ಬಿಟ್ಟು ಎಂದಾದರೂ ಬೇರೆ ಹೆಸರು ಹೇಳಿದ್ದೇನೆಯೇ ನಾನು? ಅವರು ಬರೆದು ಪೆನ್ನು ಮುಂದಿಟ್ಟರು. "ಗ್ಯಾರಂಟಿಗೆ ಅವ್ರ ಸಹಿ ಬೇಕಾಗ್ತದ್ರಿ. ಕೆಳಗ ನಿಂತಾರೇನು? ಕರೀರಿ."

ಆಳಂದದಲ್ಲಿ ಈ ಮಾತನ್ನು ನಾನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಎಲ್ಲರಿಗೂ ಗೊತ್ತೇ ಇತ್ತು. ಆ ಅಂಗಡಿಯಲ್ಲಿ ಮೊದಲ ಸಲ ನನ್ನ ಬಾಯಿಂದ ಹೇಳಿದೆ. "ಅವ್ರು ಇಲ್ರಿ. ತೀರ್ಕೊಂಡಾರ."

ಅವರು ನಿಮ್ಮ ಹೆಸರಿನ ಮೇಲೆ ಮೆಲ್ಲಗೆ ಗೆರೆ ಎಳೆದರು. "ಹಂಗಾದ್ರ ಈಗ ಮಾಲೀಕರು ಯಾರ್ರಿ?"

"ನಾನೇ," ಅಂದೆ. ಪೆನ್ನು ತೆಗೆದುಕೊಂಡು ಸಹಿ ಮಾಡಿದೆ.

ಕಂಪ್ಯೂಟರ್ ಗುರುವಾರ ಬರುತ್ತದೆ. ಭೂಸನೂರಿನ ಹುಡುಗಿಯರಿಗೆ ಹೇಳಿಕಳಿಸಿದ್ದೇನೆ. ಸೋಮವಾರ ಸಂಜೆ ಬಸ್ಸಿಳಿದು ಮನೆಗೆ ಬಂದ ಮೇಲೆ ಅಣ್ಣನಿಗೆ, "ನಡಸ್ತೇನಿ, ಒಬ್ಬಾಕಿನೇ" ಅಂದೆ. ಅವನು ತಲೆಯಾಡಿಸಿದ. ಆದರೆ ಅದಕ್ಕೂ ಮುಂಚೆ, ಬಾಗಿಲು ದಾಟಿದ ಕೂಡಲೇ ಚಪ್ಪಲಿಯನ್ನೂ ಬಿಡದೆ, ಮೊದಲು ನಿಮಗೆ ಹೇಳಬೇಕೆಂದು ನಿಮ್ಮ ಕೋಣೆಯ ತನಕ ಹೋಗಿದ್ದೆ, ವೈನಿ.

ನಿಮ್ಮ
ಶಾಂತಾ