ಕ್ಲೆಮೆಂಟಿನಾಳ ಮೆದುಳಿಗೆ ಏನೂ ಆಗಿಲ್ಲ

ಮೆದುಳು ತಪಾಸಣಾ ವಿಭಾಗದ ಮಾನ್ಯ ಮುಖ್ಯಸ್ಥರೇ,

"ನೆನಪು, ಮಾತಿನ ಶಕ್ತಿ ಕುಂದಿದೆ, ಕೆಲಸಕ್ಕೆ ಅನರ್ಹಳು" ಎಂದು ನೀವು ಷರಾ ಬರೆದ ಕ್ಲೆಮೆಂಟಿನಾ ಇವತ್ತು ಬೆಳಿಗ್ಗೆ ಮುನ್ನೂರು ಜನರ ಮದುವೆಗೆ ಕೇಕು ಮಾಡಿ ಮುಗಿಸಿದಳು. ಬರೆಯಲು ಕೂತರೆ ನನಗೆ ನಗು ತಡೆಯಲಾಗುತ್ತಿಲ್ಲ, ಕ್ಷಮೆ ಇರಲಿ. ಸ್ಪ್ಯಾನಿಷ್ ಮಾತನಾಡುವ ಹೆಂಗಸಿನ ಬುದ್ಧಿಯನ್ನು ಸ್ಪ್ಯಾನಿಷ್ ಬಾರದವರು ಅಳೆದು ತೀರ್ಪು ಕೊಟ್ಟರು ಎಂಬುದೇ ನನ್ನ ದೂರು.

ಅವಳು ಕೊಲಂಬಿಯಾದವಳು. ಇಲ್ಲಿ ಗಲ್ಫಿನಲ್ಲಿ, ಖುರುಮ್‌ನ ಹೋಟೆಲೊಂದರಲ್ಲಿ ಕೇಕು, ಬ್ರೆಡ್ಡು ಮಾಡುತ್ತಾಳೆ. ಮಂಗಳೂರಿನವಳಾದ ನಾನು ಅಲ್ಲೇ ಸಿಬ್ಬಂದಿ ವಿಭಾಗದ ಗುಮಾಸ್ತೆ. ಮಾರ್ಚಿನಲ್ಲಿ ಅವಳು ಅಡುಗೆಮನೆಯಲ್ಲಿ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳು. ಗಾಯ ಮಾಯಿತು, ಆದರೆ ಕೆಲಸಕ್ಕೆ ಮರಳಲು ನಿಮ್ಮ ಪ್ರಮಾಣಪತ್ರ ಬೇಕಿತ್ತು. ಅವಳ ಇಂಗ್ಲಿಷು "ಗುಡ್ ಮಾರ್ನಿಂಗ್", "ಓವನ್ ಹಾಟ್" ಎಂಬಲ್ಲಿಗೆ ಮುಗಿಯುತ್ತದೆ. ದುಭಾಷಿ ಬೇಕೆಂದೆ. ನೀವು ಕಳಿಸಿದ್ದು ಯಾರನ್ನು? ಬಿಲ್ಲಿಂಗ್ ಕೌಂಟರಿನ ಸ್ಯಾವಿಯೋನನ್ನು! ಅವನ ಅಜ್ಜಿ ಗೋವಾದವರಂತೆ, ಗೋವಾದಲ್ಲಿ ಪೋರ್ಚುಗೀಸ್ ಇತ್ತಂತೆ, ಪೋರ್ಚುಗೀಸ್ ಎಂದರೆ ಸುಮಾರಾಗಿ ಸ್ಪ್ಯಾನಿಷೇ ಅಂತೆ. ಎಂಥ ಘನ ಸಂಶೋಧನೆ!

"ರೋಸಲಿಂಡ್ ಬಾಯಿ, ನಂಗೆ ಪೋರ್ಚುಗೀಸೇ ಬರುದಿಲ್ಲ ಮಾರಾಯ್ರೆ," ಎಂದು ಪಾಪದವನು ನನ್ನ ಕಿವಿಯಲ್ಲಿ ಹೇಳಿದ. "ಸಾಹೇಬ್ರು ಯಲ್ಲಾ ಯಲ್ಲಾ, ಬೇಗ ಹೋಗು ಅಂತ ಎಬ್ಬಿಸಿ ಕಳಿಸಿದ್ರು. ಮೊಬೈಲಲ್ಲಿ ಡಿಕ್ಷನರಿ ಉಂಟು, ನೋಡುವ."

ನಿಮ್ಮ ಪರೀಕ್ಷಕರು ಚಿತ್ರಗಳನ್ನು ತೋರಿಸಿ ಹೆಸರು ಕೇಳಿದರು. ಜ್ಯೂಸು ಕುಡಿಯುವ ಸ್ಟ್ರಾ ಕಂಡು ಅವಳು "ಪಿತಿಯೋ" ಎಂದಳು. ಸ್ಯಾವಿಯೋನ ಡಿಕ್ಷನರಿ ಸ್ಪೇನ್ ದೇಶದ್ದು. ಅಲ್ಲಿ ಆ ಪದಕ್ಕೆ ಸಿಗರೇಟು ಎಂದರ್ಥ. "ಸ್ಟ್ರಾವನ್ನು ಸಿಗರೇಟು ಎನ್ನುತ್ತಾಳೆ" ಎಂದು ನಿಮ್ಮ ಪರೀಕ್ಷಕರು ಬಹಳ ಗಂಭೀರವಾಗಿ ಬರೆದುಕೊಂಡರು. ಕೊಲಂಬಿಯಾದಲ್ಲಿ ಸ್ಟ್ರಾದ ಹೆಸರೇ ಅದು, ಮಾನ್ಯರೇ! ಎಳನೀರಿನ ಕಾಯಿಗೆ ನಮ್ಮ ಮಂಗಳೂರಿನಲ್ಲಿ ಬೊಂಡ ಎನ್ನುತ್ತೇವೆ. ಬೆಂಗಳೂರಿನವರ ಬೊಂಡ ಎಣ್ಣೆಯಲ್ಲಿ ಕರಿದದ್ದು. ಎಳನೀರಿನ ಚಿತ್ರ ನೋಡಿ ನಾನು ಬೊಂಡ ಎಂದರೆ ನನಗೂ ತಲೆ ಕೆಟ್ಟಿದೆ ಎಂದು ಬರೆಯುವಿರಾ?

ವರದಿ ಬಂದ ದಿನ ಅವಳು ಊರಿಗೆ ಹೋಗಲು ಪೆಟ್ಟಿಗೆ ತುಂಬಿಸತೊಡಗಿದಳು. ನಡುವೆ ಕನ್ನಡಿಯ ಮುಂದೆ ನಿಂತು ಮಕ್ಕಳು ಹುಟ್ಟಿದ ತಾರೀಕುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು, ತನಗೆ ನಿಜಕ್ಕೂ ಮರೆವು ಹಿಡಿದಿದೆಯೇ ಎಂದು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಬೇರೆ ಆಸ್ಪತ್ರೆಯ ಡಾಕ್ಟರ್ ದೀಕ್ಷಿತಾ ಹುಡುಕಿ ಹುಡುಕಿ ಕೊಲಂಬಿಯಾದ ಪರೀಕ್ಷಕಿಯೊಬ್ಬರನ್ನು ವಿಡಿಯೋದಲ್ಲಿ ಹಿಡಿದರು. ಮೂರು ಗಂಟೆಯ ಪರೀಕ್ಷೆ. ನಿಮ್ಮೆದುರು ತಡವರಿಸಿದವಳು ಅಲ್ಲಿ ಒಂದು ನಿಮಿಷಕ್ಕೆ ಇಪ್ಪತ್ತಮೂರು ಪ್ರಾಣಿಗಳ ಹೆಸರು ಸುರಿದಳು, ಸಾಕೆಂದರೂ ನಿಲ್ಲಿಸಲಿಲ್ಲ. ಪರೀಕ್ಷಕಿ ನಕ್ಕು "ನಾರ್ಮಲ್" ಎಂದಾಗ ಕ್ಲೆಮೆಂಟಿನಾ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನಾನು ಎಂಬತ್ತೆರಡು ಕಿಲೋ. ತೋಳೂ ನಾರ್ಮಲ್ ಎಂದು ದಯವಿಟ್ಟು ಸೇರಿಸಿಕೊಳ್ಳಿ. "ಖಲಾಸ್, ರೋಸಾ, ಖಲಾಸ್!" ಎಂದು ಕೂಗಿದಳು.

ಇಲ್ಲ, ಇನ್ನೂ ಖಲಾಸ್ ಆಗಿಲ್ಲ. ಹೊಸ ವರದಿ ನೋಡಿ ಹೋಟೆಲಿನವರು ಅವಳನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು, ಆದರೆ ನಿಮ್ಮ ಹಳೆಯ ವರದಿ ಕಡತದಲ್ಲಿ ಹಾಗೇ ಕೂತಿದೆ. ಅದನ್ನು ಲಿಖಿತವಾಗಿ ರದ್ದುಮಾಡಿ. ಇನ್ನು ಮುಂದೆ ಯಾರದೇ ಮೆದುಳನ್ನು ಅವರ ಊರಿನ ಮಾತು ಬಲ್ಲವರಿಂದಲೇ ಪರೀಕ್ಷಿಸಿ. ಬರುವ ಗುರುವಾರ ಘಾಲಾದ ಗೋದಾಮಿನಲ್ಲಿ ಕೆಲಸ ಮಾಡುವ ಮೊಯ್ದು ಇದೇ ತಪಾಸಣೆಗೆ ನಿಮ್ಮಲ್ಲಿಗೆ ಬರುತ್ತಾರೆ. ಅವರ ಮಾತು ನಮ್ಮ ಮಂಗಳೂರು ಕಡೆಯ ಬ್ಯಾರಿ. ಅದು ಯಾವ ದೇಶದ ಭಾಷೆಯೆಂದು ನಿಮ್ಮ ಕಚೇರಿ ಈಗಾಗಲೇ ಫೋನಿನಲ್ಲಿ ವಿಚಾರಿಸಿದೆಯಂತೆ. ಬ್ಯಾರಿ ಬಲ್ಲವರು ಸಿಗುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡಿ.

ಇಂತಿ,
ನಿಮ್ಮ ಹಜಾರದ ಬೆಂಚಿನ ಮೇಲೆ ವರ್ಷದ ರಜೆಯನ್ನೆಲ್ಲ ಕಳೆದುಕೊಂಡ
ರೋಸಲಿಂಡ್