ಆಕಾಶದಾಗಿನ ಹಾಸು-ಹೊಕ್ಕು

ಅಪ್ಪಾ,

ಇವತ್ತ ಕಾಲೇಜಿನಾಗ ವಿಶ್ವಕಿರಣದ ಪಾಠ ಮಾಡಿದೆ. ಭೂಮಿ ಸುತ್ತೋ ಯಂತ್ರದಾಗ ಸಿಲಿಕಾನ್ ಪಟ್ಟಿ ಉದ್ದಕ್ಕೂ ಅಡ್ಡಕ್ಕೂ ಹಾಸಿರತಾರ, ದೂರದಿಂದ ಬಂದ ಕಣ ಎಲ್ಲಿ ತೂರಿತಂತ ಎರಡೂ ಕೂಡಿ ಹೇಳತಾವ ಅಂದೆ. ಹುಡುಗರಿಗೆ ಯಾರಿಗೂ ತಿಳೀಲಿಲ್ಲ. ಉಟ್ಟ ಸೀರಿ ಸೆರಗು ಹಿಡಿದು, "ಈ ಉದ್ದನ ಎಳಿ ಹಾಸು, ಈ ಅಡ್ಡ ಎಳಿ ಹೊಕ್ಕು. ಕಣ ಅಂದ್ರ ಸೂಜಿ ಅನ್ಕೋರಿ, ಅದು ಚುಚ್ಚಿದ್ದು ಇವೆರಡು ಎಳಿ ಕೂಡಿದಲ್ಲಿ" ಅಂದೆ.

"ಈಗ ತಿಳೀತ್ರಿ ಮೇಡಂ!" ಅಂದ್ರು.

ಕಣ್ಣು ಮುಚ್ಚಿ ಮಗ್ಗದ ಮ್ಯಾಲೆ ಅಂಗೈ ಆಡಿಸಿ, ಸಾವಿರಾರು ಎಳಿಯಾಗ ಹರಿದ ಒಂದನ್ನ ಹಿಡೀತಿದ್ದಿ ನೀ. ಆ ಯಂತ್ರಕ್ಕಿಂತ ಏನ ಕಡಿಮಿ ಇದ್ದಿ?

ನೀ ನೇಯ್ದ ಈ ಸೀರಿ ಘಳಿಗಿ ಮುರಿದು ಮೊದಲ ಸಲ ಉಟ್ಟದ್ದು ಇವತ್ತ, ನೀ ಹೋದ ಆರು ವರ್ಷಕ್ಕ. ಹೊಸಾದು ಉಟ್ಟು ಕಾಲಿಗೆ ಬೀಳಬೇಕಲ್ಲ? ಬೆಟಗೇರಿ ಮನಿಗೆ ಬಂದು, ನೀ ಕಾಲು ಇಳಿಬಿಟ್ಟು ಕುಂಡ್ರತಿದ್ದ ಮಗ್ಗದ ಕುಣಿ ಇದ್ದಲ್ಲಿ ಬಗ್ಗಿದೆ. ಕೈಗೆ ಹತ್ತಿದ್ದು ತಣ್ಣಗಿನ ಟೈಲ್ಸ್. ಕುಣಿ ಮುಚ್ಚಿಸಿದಾಕಿ ನಾನೇ.