ಸೊನ್ನೆಯೊಳಗೆ ಉಳಿದ ಹಲ್ಲಿನ ಸಂದು

ಸಂಜೆ ಆರೂವರೆ. ಹದಿಮೂರನೆಯ ತಿಂಗಳ ಐದನೆಯ ತಾರೀಖು, ಇಸವಿ ಎರಡು ಸಾವಿರದ ಇನ್ನೂರ ತೊಂಬತ್ತೊಂದು, ರಾಣೆಬೆನ್ನೂರು. ಇವತ್ತು ಫ್ಲೆಕ್ಸ್ ಬೋರ್ಡಿನ ಅಂಗಡಿಗೆ ಎರಡು ಸಲ ಹೋಗಿಬಂದೆ, ನಮ್ಮವರ ಅಕ್ಕ ಕಾಶವ್ವನ ಜೊತೆ ಒಂದು ಸಲ ಜಗಳವಾಯಿತು, ಮರೆತು ಒಂದು ರೊಟ್ಟಿ ಹೆಚ್ಚು ಬಡಿದೆ.

ಫೋಟೋ ತಿದ್ದುವ ಕಂಪ್ಯೂಟರಿನ ಮುಂದೆ ಕೂತಿರುವ, ಹೆಸರು ಗೊತ್ತಿಲ್ಲದ ಅಣ್ಣನಿಗೋ ತಂಗಿಗೋ ನೀಲವ್ವನ ನಮಸ್ಕಾರ. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾಯಕರ ಹುಟ್ಟುಹಬ್ಬದ ಬೋರ್ಡುಗಳಿಗೆ ಹನ್ನೆರಡು ತಿಂಗಳು ಸಾಲದೆ ನಮ್ಮ ಅಜ್ಜಂದಿರ ಕಾಲದಲ್ಲಿ ಇನ್ನೊಂದನ್ನು ಸೇರಿಸಿದರು. ಈ ಕಾಗದ ಮರಳಂಚೆಯಲ್ಲಿ ಬರುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಟಪಾಲಿಗೆ ಹಾಗೆನ್ನುತ್ತೇವೆ. ಹೆಚ್ಚಿನವರು ತಮ್ಮ ಎಳೆಯ ವಯಸ್ಸಿಗೆ ಬುದ್ಧಿ ಹೇಳಲು ಇದನ್ನು ಬಳಸುತ್ತಾರೆ. ಆ ಬುದ್ಧಿಮಾತನ್ನು ಯಾರೂ ಕೇಳಿದ ದಾಖಲೆ ಇಲ್ಲ.

ನೀವು ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಪ್ಲಗಿನ್ ಎಂದು ಒಂದನ್ನು ಸೇರಿಸಿ, ಅಕ್ಷರಕ್ಕೆ ಬಂಗಾರ, ಬೆಂಕಿ, ನೆರಳು, ಮುಖಕ್ಕೆ ನುಣುಪು ಕೊಡುತ್ತಿದ್ದಿರಂತೆ. ನಮ್ಮಲ್ಲಿ ಅದು ಕ್ಯಾಮೆರಾದ ಗಾಜಿನೊಳಗೂ ಅಚ್ಚಿನ ಯಂತ್ರದೊಳಗೂ ಬೆಳೆದುಕೊಂಡುಬಿಟ್ಟಿದೆ. ಅದರ ಹೆಸರು ಮೆರುಗು. ತೆಗೆಯಲು ಬರುವುದಿಲ್ಲ. ರೇಷನ್ ಅಂಗಡಿಯ ‘ಇಂದು ಜೋಳ ಇಲ್ಲ’ ಎಂಬ ಚೀಟಿಯ ಫೋಟೋ ತೆಗೆದರೂ ಅಕ್ಷರಗಳು ಬಂಗಾರವಾಗಿ ಹೊತ್ತಿ ಉರಿಯುತ್ತವೆ, ಮೂಲೆಯಲ್ಲಿ ಎರಡು ಪಾರಿವಾಳ ಹಾರುತ್ತವೆ. ಎಮ್ಮೆ ಕಳೆದುಹೋದರೆ ಅದರ ಫೋಟೋ ತೋರಿಸಿ ಹುಡುಕುವಂತಿಲ್ಲ. ಫೋಟೋದಲ್ಲಿ ಎಲ್ಲ ಎಮ್ಮೆಗಳೂ ಬೆಳ್ಳಗೆ, ನುಣ್ಣಗೆ, ಈಗಷ್ಟೇ ನಿಶ್ಚಿತಾರ್ಥವಾದಂತೆ ಕಾಣುತ್ತವೆ.

ನಿಮ್ಮಲ್ಲಿ ಯಾರೋ ಈ ಮೆರುಗಿನ ಮುತ್ತಜ್ಜನಾದ ಪ್ಲಗಿನ್ ಒಂದನ್ನು ಮೂವತ್ತು ದಿನದ ಬಿಟ್ಟಿ ಪರೀಕ್ಷೆಗೆಂದು ಹಾಕಿಕೊಂಡರಂತೆ. ದಿನ ಮುಗಿದ ಮೇಲೆ ಕೊಳ್ಳಲೂ ಇಲ್ಲ, ತೆಗೆಯಲೂ ಇಲ್ಲ. ಅಂದಿನಿಂದ ಪ್ರತಿ ಫೋಟೋಗೂ ಅಡ್ಡಲಾಗಿ ‘ಪರೀಕ್ಷಾ ಪ್ರತಿ, ಉಳಿದ ದಿನ ೦’ ಎಂಬ ಮುದ್ರೆ ಬೀಳುತ್ತಿದೆ. ನಮ್ಮ ಮಂದಿ ಇದನ್ನು ಶುಭವೆಂದು ತಿಳಿದಿದ್ದಾರೆ. ಮದುವೆ ಕಾರ್ಡಿನಲ್ಲಿ ದೇವರ ಹೆಸರಿನ ಕೆಳಗೆ ಇದನ್ನು ಕೈಯಿಂದಲೇ ಬರೆಯುತ್ತಾರೆ. ಕೂಸಿನ ತೊಟ್ಟಿಲಿಗೂ ಬರೆಸುತ್ತಾರೆ. ಅರ್ಥ ಕೇಳಿದರೆ ಸ್ವಾಮಿಗಳು, ಜೀವನವೇ ಒಂದು ಪರೀಕ್ಷೆ ಎಂದು ಶುರುಮಾಡಿ ಮುಕ್ಕಾಲು ಗಂಟೆ ಹೇಳುತ್ತಾರೆ. ನಿಜವಾದ ಅರ್ಥ ನನಗೆ ಹೇಳಿದವರು ಬೋರ್ಡಿನ ಅಂಗಡಿಯ ಹುಸೇನಣ್ಣ. ಸತ್ತವರ ಮುಖದ ಮೇಲೆ ‘ಉಳಿದ ದಿನ ೦’ ಎಂದಿರುವುದು ಕಂಡು ನನಗೆ ಸಿಟ್ಟು ಬಂತು. ದಯವಿಟ್ಟು ಅದನ್ನು ಕೊಂಡು ಮುದ್ರೆ ಹೋಗಲಾಡಿಸಿ ಎಂದು ಬೇಡುವುದಕ್ಕೇ ಬೆಳಿಗ್ಗೆ ಮರಳಂಚೆಯ ಹಾಳೆ ತಂದಿಟ್ಟೆ.

ನಮ್ಮವರ ಹೆಸರು ಮಲ್ಲೇಶಿ. ತೀರಿಕೊಂಡು ನಾಳೆಗೆ ಒಂದು ತಿಂಗಳು. ಮದುವೆಯ ದಿನ ಗಟ್ಟಿ ಕರದಂಟು ಕಚ್ಚಿ ಮುಂದಿನ ಹಲ್ಲು ಕಳೆದುಕೊಂಡಿದ್ದರು. ಕಟ್ಟಿಸಿಕೊಳ್ಳಲಿಲ್ಲ. ಆ ಸಂದಿನಿಂದ ಓಣಿಯ ಮೂಲೆಯಲ್ಲಿ ನಿಂತು ಸಿಳ್ಳೆ ಹಾಕುತ್ತಿದ್ದರು. ಕೇಳಿದೊಡನೆ ನಾನು ಹಂಚಿಗೆ ರೊಟ್ಟಿ ಹಾಕುತ್ತಿದ್ದೆ. ನಲವತ್ತೊಂದು ವರ್ಷ ಹಾಗೇ ನಡೆಯಿತು. ಆದರೆ ಮನೆಯ ಗೋಡೆಯ ಮೇಲಿರುವ ಒಂದು ಫೋಟೋದಲ್ಲೂ ಆ ಸಂದು ಇಲ್ಲ. ಎಲ್ಲದರಲ್ಲೂ ಮೆರುಗು ಹಲ್ಲು ಕಟ್ಟಿಸಿದೆ. ತಿಂಗಳ ತಿಥಿಗೆ ಓಣಿಯಲ್ಲಿ ಏರಿಸುವ ಬೋರ್ಡಿನಲ್ಲಾದರೂ ಅವರು ಅವರ ಹಾಗೆ ಇರಲಿ ಎಂಬುದೊಂದೇ ನನ್ನ ಆಸೆ.

ಬೆಳಿಗ್ಗೆ ಹುಸೇನಣ್ಣ ಹಲ್ಲು ಕೀಳುವ ಇನ್ನೊಂದು ಮೆರುಗು ಹಾಕಿ ನೋಡಿದರು. ಮೂವತ್ತೆರಡೂ ಉದುರಿ ನಮ್ಮವರು ಆರು ತಿಂಗಳ ಕೂಸಿನಂತಾದರು. ಕೈಯಿಂದಲೇ ಕಪ್ಪು ಬಳಿದು ಸಂದು ಮಾಡಿದರೆ, ಮೆರುಗು ಅದನ್ನು ಗುಹೆಯೆಂದು ತಿಳಿದು ಒಳಗೊಂದು ಜಲಪಾತ ಇಟ್ಟಿತು. ಅದು ಬೇಡವೆಂದು ನಾನು ಮನೆಗೆ ಬಂದುಬಿಟ್ಟೆ.

ಮಧ್ಯಾಹ್ನ ಕಾಶವ್ವನನ್ನೂ ಕರೆದುಕೊಂಡು ಉಳಿದ ಫೋಟೋಗಳ ಡಬ್ಬಿ ಒಯ್ದೆ. ಅವುಗಳ ಪೈಕಿ ಒಂದರಲ್ಲಿ, ಕ್ಯಾಮೆರಾದ ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ನಮ್ಮವರು ಸೀನಿದ್ದರು. ಮುಖ ಕೆಳಗೆ ಜಾರಿ, ಮುದ್ರೆಯ ಕೊನೆಯ ಸೊನ್ನೆ ಬಾಯಿಯ ಮೇಲೆ ಬಂದು ಕೂತಿತ್ತು. ಹುಸೇನಣ್ಣ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಅಕ್ಕಾರ, ಇಲ್ಲಿ ನೋಡ್ರಿ. ಮುದ್ರೆ ಒಳಗ ಮೆರುಗು ಕೈ ಹಾಕೂದಿಲ್ಲ,” ಎಂದರು.

ಸೊನ್ನೆಯ ಉಂಗುರದೊಳಗೆ ಒಡೆದ ತುಟಿ, ಎರಡು ಹಲ್ಲು, ನಡುವೆ ಸಂದು. ನನ್ನ ಬೆರಳ ತುದಿಯಷ್ಟೂ ಇರಲಿಲ್ಲ. ಇಷ್ಟನ್ನೇ ದೊಡ್ಡದು ಮಾಡಿ ಎಂದೆ. ಸೊನ್ನೆಯ ಗೆರೆಯ ಸಮೇತ ಹಾಕಬೇಕು, ಗೆರೆ ಬಿಟ್ಟರೆ ಮೆರುಗು ಮತ್ತೆ ಹಲ್ಲು ಕಟ್ಟಿಸುತ್ತದೆ ಎಂದರು. ಹೆಸರು ಬರೆದರೆ ಉರಿಯುತ್ತದೆ, ಹಾಗಾಗಿ ಹೆಸರೂ ಬೇಡವೆಂದೆ.

ಕಾಶವ್ವನಿಗೆ ಸಿಟ್ಟು ನೆತ್ತಿಗೇರಿತು. “ಹುಚ್ಚು ಹಿಡದೈತೇನ ನಿನಗ? ಎಂಟು ಅಡಿ ಬೋರ್ಡಿನ್ಯಾಗ ಬರೇ ಬಾಯಿ ಹಾಕಿದರ, ಮಂದಿ ಹಲ್ಲಿನ ಡಾಕ್ಟರ್ ಬಂದಾರಂತ ಪಾಳಿ ಹಚ್ಚತಾರ.”

ನಾನೂ ಒಂದೆರಡು ಮಾತು ಆಡಿದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಕಡೆಗೆ ಹುಸೇನಣ್ಣ ಆ ಬಾಯಿಯನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದರು. ಕಾಶವ್ವ ಪರದೆಯ ಹತ್ತಿರಕ್ಕೆ ಬಂದರು.

“ನಮ್ಮ ಮಲ್ಲ್ಯಾನ ಬಾಯಿನ ಇದು,” ಎಂದರು. ಆಮೇಲೆ ತುಟಿ ಮುಂದೆ ಮಾಡಿ ಸಿಳ್ಳೆ ಹಾಕಲು ನೋಡಿದರು. ಬರೇ ಗಾಳಿ ಬಂತು. ಎಪ್ಪತ್ತು ವರ್ಷವಾದರೂ ಅವರ ಹಲ್ಲು ಒಂದೂ ಬಿದ್ದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಬದಲಾಗಿದೆ. ಅಕ್ಷರಕ್ಕೆ ಬೇಕಾದಷ್ಟು ಬೆಂಕಿ ಹಚ್ಚಿ, ಬಂಗಾರ ಬಳಿಯಿರಿ. ಚೆಂದ ಕಾಣುತ್ತದೆ, ನನಗೂ ಇಷ್ಟ. ಮೆರುಗು ಹಾಕುವ ಬಟನ್ ಒತ್ತುವ ಮೊದಲು ಮಾತ್ರ, ಬಂದ ಫೋಟೋದ ಒಂದು ಪ್ರತಿಯನ್ನು ಇದ್ದ ಹಾಗೇ ಬೇರೆ ಎತ್ತಿಡಿ. ಮತ್ತೆ, ಆ ಪ್ಲಗಿನ್ನನ್ನು ದಯವಿಟ್ಟು ಕೊಳ್ಳಬೇಡಿ. ಮುದ್ರೆ ಹೋದರೆ ನನ್ನ ಸೊನ್ನೆ ಹೋಗುತ್ತದೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಓಣಿಯ ಮೂಲೆಯಲ್ಲಿ ಬೋರ್ಡು ಏರಿಸುತ್ತಾರೆ. ಏಣಿಯನ್ನು ಕಾಶವ್ವನೇ ತರುತ್ತಾರೆ.